ಕಿಟಕಿ ಇಲ್ಲದವರು ಮೊದಲು ಇಳಿಯಲಿ: ಡೈಮಂಡ್ ಪ್ರಿನ್ಸೆಸ್ ಹಡಗಿನ ಪ್ರಕರಣ

2020ರ ಫೆಬ್ರವರಿ 13. ಡೈಮಂಡ್ ಪ್ರಿನ್ಸೆಸ್ ಎಂಬ ಕ್ರೂಸ್ ಹಡಗು ಜಪಾನಿನ ಯೊಕೊಹಾಮಾಕ್ಕೆ ಬಂದು ಹತ್ತು ದಿನ ಆಗಿತ್ತು. ಒಳಗೆ ಕೊರೊನಾ ಹಬ್ಬಿತ್ತು. ಪ್ರಯಾಣಿಕರು ಕ್ಯಾಬಿನ್ ಬಿಟ್ಟು ಹೊರಗೆ ಬರುವಂತಿರಲಿಲ್ಲ. ಆ ದಿನ ಜಪಾನಿನ ಆರೋಗ್ಯ ಸಚಿವ ಕತ್ಸುನೊಬು ಕಾಟೊ ಒಂದು ತೀರ್ಮಾನ ತಿಳಿಸಿದರು. 80 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಮೊದಲೇ ಕಾಯಿಲೆ ಇದ್ದವರು, ಇಲ್ಲವೇ ಕಿಟಕಿ ಇಲ್ಲದ ಕ್ಯಾಬಿನ್‌ನಲ್ಲಿ ಇದ್ದವರು, ಟೆಸ್ಟ್‌ನಲ್ಲಿ ಸೋಂಕಿಲ್ಲ ಅಂತ ಬಂದರೆ ಹಡಗಿನಿಂದ ಇಳಿಯಬಹುದು. ಕ್ವಾರಂಟೈನ್‌ನ ಉಳಿದ ದಿನಗಳನ್ನು ದಡದಲ್ಲೇ ಕಳೆಯಬಹುದು. ಮಾರನೇ ದಿನವೇ ಇಳಿಸುವುದು ಶುರುವಾಯಿತು.

ಈ ತೀರ್ಮಾನದಲ್ಲಿ ಒಂದು ವಿಷಯ ಇದೆ. ಅದಕ್ಕಾಗಿಯೇ ಈ ಪ್ರಕರಣವನ್ನು ಇಷ್ಟು ವಿವರವಾಗಿ ನೋಡಬೇಕು ಅನ್ನಿಸುತ್ತದೆ. ಯಾರನ್ನು ಮೊದಲು ಕಾಪಾಡಬೇಕು ಎಂದು ಲೆಕ್ಕ ಹಾಕುವಾಗ ಸರ್ಕಾರ ವಯಸ್ಸು ನೋಡಿತು, ಕಾಯಿಲೆ ನೋಡಿತು. ಜೊತೆಗೆ, ಅದೇ ಸಾಲಿನಲ್ಲಿ, ಟಿಕೆಟ್‌ನ ದರ್ಜೆಯನ್ನೂ ನೋಡಿತು. ಯಾಕೆಂದರೆ ಕಿಟಕಿ ಇಲ್ಲದ ಕ್ಯಾಬಿನ್ ಅಂದರೆ ಹಡಗಿನ ಅತಿ ಕಡಿಮೆ ದರದ ಕ್ಯಾಬಿನ್. ಬುಕಿಂಗ್ ಮಾಡುವಾಗ ಅದು 'ಸಮುದ್ರ ಕಾಣಿಸುತ್ತದೋ ಇಲ್ಲವೋ' ಎಂಬ ಪ್ರಶ್ನೆ ಅಷ್ಟೇ. ಬಾಗಿಲು ಮುಚ್ಚಿದ ಮೇಲೆ ಅದೇ ಆರೋಗ್ಯದ ಪ್ರಶ್ನೆ ಆಯಿತು.

ಕ್ರೂಸ್‌ನಲ್ಲಿ ದುಡ್ಡು ಕೊಟ್ಟು ಮೇಲಿನ ದರ್ಜೆ ಕೊಳ್ಳುವಾಗ ನಾವು ನಿಜವಾಗಿ ಏನನ್ನು ಕೊಳ್ಳುತ್ತೇವೆ? ಕೆಳಗಿನ ದರ್ಜೆಯವರಿಗೆ ಏನು ಸಿಗುವುದಿಲ್ಲ? ಮಾಮೂಲಿ ದಿನಗಳಲ್ಲಿ ಇದು ಕಾಣುವುದೇ ಇಲ್ಲ. ಯೊಕೊಹಾಮಾದಲ್ಲಿ ಎಲ್ಲರಿಗೂ ಕಂಡಿತು.

ಹಡಗು ಮತ್ತು ಅದರ ದರ್ಜೆಗಳು

ಡೈಮಂಡ್ ಪ್ರಿನ್ಸೆಸ್ ಅನ್ನು ಕಟ್ಟಿದ್ದು ಜಪಾನಿನ ನಾಗಾಸಾಕಿಯಲ್ಲಿ, ಮಿತ್ಸುಬಿಷಿ ಕಾರ್ಖಾನೆಯಲ್ಲಿ. 2004ರಲ್ಲಿ ಓಡಾಟ ಶುರು ಮಾಡಿತು. ಉದ್ದ 290 ಮೀಟರ್, ಅಗಲ 37.5 ಮೀಟರ್. ಈ ಅಗಲವನ್ನು ನೆನಪಿಟ್ಟುಕೊಳ್ಳಿ, ದರ್ಜೆಗಳ ಮೂಲ ಅಲ್ಲೇ ಇದೆ. ಹಡಗು ಅಗಲವಾದಷ್ಟೂ ನಡುವಿನ ಜಾಗ ಜಾಸ್ತಿ. ಆದರೆ ಕಿಟಕಿ ಇಡಲು ಸಿಗುವುದು ಎರಡು ಪಕ್ಕಗಳು ಮಾತ್ರ. ನಡುವಿನ ಜಾಗವನ್ನು ಖಾಲಿ ಬಿಡಲು ಯಾವ ಕಂಪನಿಗೂ ಮನಸ್ಸು ಬರುವುದಿಲ್ಲ. ಅಲ್ಲಿ ಕಾರಿಡಾರ್‌ನ ಒಳಪಕ್ಕಕ್ಕೆ ಸಣ್ಣ ಕ್ಯಾಬಿನ್‌ಗಳನ್ನು ಜೋಡಿಸುತ್ತಾರೆ. ಇವೇ 'ಇಂಟೀರಿಯರ್' ಕ್ಯಾಬಿನ್‌ಗಳು. ಒಂದೊಂದೂ ಸುಮಾರು 160 ಚದರ ಅಡಿ. ಎರಡು ಮಂಚ, ಒಂದು ಪುಟ್ಟ ಮೇಜು, ಒಂದು ಬಾತ್‌ರೂಮ್. ಲೈಟ್ ಆರಿಸಿದರೆ ಹಗಲೂ ಒಂದೇ, ರಾತ್ರಿಯೂ ಒಂದೇ.

ಇದರ ಮೇಲಿನ ಮೆಟ್ಟಿಲು 'ಓಷನ್‌ವ್ಯೂ'. ಕಿಟಕಿ ಇದೆ, ಆದರೆ ತೆಗೆಯಲು ಬರುವುದಿಲ್ಲ. ಬೆಳಕು ಬರುತ್ತದೆ, ಗಾಳಿ ಬರುವುದಿಲ್ಲ. ಅದರ ಮೇಲೆ ಬಾಲ್ಕನಿ ಕ್ಯಾಬಿನ್. ಅದರ ಮೇಲೆ ಮಿನಿ ಸೂಟ್, ಕೊನೆಗೆ ದೊಡ್ಡ ಸೂಟ್‌ಗಳು. ಈ ಹಡಗಿನಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಯಾಬಿನ್‌ಗಳಿಗೆ ಬಾಲ್ಕನಿ ಇದೆ. ಈ ಹಡಗಿನ ಕಂಪನಿ ಪ್ರಿನ್ಸೆಸ್ ಕ್ರೂಸಸ್ 1984ರಲ್ಲಿ ರಾಯಲ್ ಪ್ರಿನ್ಸೆಸ್ ಎಂಬ ಹಡಗು ತಂದಾಗ ಅದರ ಎಲ್ಲ ಪ್ರಯಾಣಿಕರ ಕ್ಯಾಬಿನ್‌ಗಳೂ ಹೊರಪಕ್ಕಕ್ಕೇ ಇದ್ದವು. ಅಂದರೆ ಹಾಗೆ ಕಟ್ಟುವುದು ಆಗದ ಮಾತೇನಲ್ಲ. ಹಡಗುಗಳು ಹಿಗ್ಗುತ್ತಾ ಹೋದವು, ಅಗ್ಗದ ಟಿಕೆಟ್‌ಗೆ ಬೇಡಿಕೆ ಬಂತು, ನಡುವಿನ ಜಾಗ ತುಂಬಿತು.

ಕ್ಯಾಬಿನ್ ದರ್ಜೆಯ ಜೊತೆ ಇನ್ನೊಂದು ಏಣಿಯೂ ಇದೆ. ಎಷ್ಟು ಸಲ ಬಂದಿದ್ದೀರಿ ಎನ್ನುವುದರ ಮೇಲೆ ಗೋಲ್ಡ್, ರೂಬಿ, ಪ್ಲಾಟಿನಂ, ಎಲೀಟ್. ಮೇಲಕ್ಕೆ ಹೋದಂತೆ ಹತ್ತುವ ಸಾಲಿನಲ್ಲಿ ಮುಂದೆ, ಇಳಿಯುವ ಸಾಲಿನಲ್ಲೂ ಮುಂದೆ, ಬಟ್ಟೆ ಒಗೆಸುವುದು ಉಚಿತ, ಹೀಗೆ. ಬೇರೆ ಕಂಪನಿಗಳು ಇನ್ನೂ ಮುಂದೆ ಹೋಗಿವೆ. ಎಂಎಸ್‌ಸಿ ಕಂಪನಿ 2008ರಲ್ಲಿ ಫ್ಯಾಂಟಾಸಿಯಾ ಹಡಗಿನಲ್ಲಿ 'ಯಾಟ್ ಕ್ಲಬ್' ಶುರು ಮಾಡಿತು. ನಾರ್ವೇಜಿಯನ್ ಕಂಪನಿಯದು 'ದಿ ಹೇವನ್'. ಹಡಗಿನೊಳಗೇ ಇನ್ನೊಂದು ಹಡಗು ಇದ್ದಂತೆ. ಆ ದರ್ಜೆಯ ಕಾರ್ಡ್ ಇದ್ದವರಿಗೆ ಮಾತ್ರ ತೆರೆಯುವ ಬಾಗಿಲು, ಅವರಿಗೇ ಬೇರೆ ಊಟದ ಹಾಲ್, ಬೇರೆ ಈಜುಕೊಳ. ಕುನಾರ್ಡ್‌ನ ಕ್ವೀನ್ ಮೇರಿ 2ರಲ್ಲಿ ಯಾವ ಹಾಲ್‌ನಲ್ಲಿ ಊಟ ಮಾಡುತ್ತೀರಿ ಎನ್ನುವುದನ್ನು ಇವತ್ತಿಗೂ ಕ್ಯಾಬಿನ್ನೇ ತೀರ್ಮಾನಿಸುತ್ತದೆ.

ಇದರಲ್ಲಿ ತಪ್ಪೇನು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಸೂಟ್‌ನವರು ಕೊಡುವ ದುಡ್ಡಿನ ಬಲದಿಂದಲೇ ಒಳಗಿನ ಕ್ಯಾಬಿನ್ ಅಷ್ಟು ಕಡಿಮೆಗೆ ಸಿಗುತ್ತದೆ. ರಿಟೈರ್ ಆದ ಮೇಷ್ಟ್ರೊಬ್ಬರು ಹೆಂಡತಿಯನ್ನು ಕರೆದುಕೊಂಡು ಸಮುದ್ರಯಾನ ಮಾಡಬಹುದು ಅಂದರೆ ಅದಕ್ಕೆ ಆ ಕಿಟಕಿ ಇಲ್ಲದ ರೂಮೇ ಕಾರಣ. ದಿನವಿಡೀ ಡೆಕ್ ಮೇಲೆ ಇರುತ್ತೇವೆ, ರೂಮ್ ಮಲಗೋದಕ್ಕೆ ಮಾತ್ರ, ಸುಮ್ನೆ ಯಾಕೆ ಜಾಸ್ತಿ ಕೊಡಬೇಕು? ಕ್ರೂಸ್‌ಗೆ ಹೋಗಿಬಂದವರು ಹೊಸಬರಿಗೆ ಹೇಳುವ ಮೊದಲ ಮಾತೇ ಇದು. ಮಾತು ಸರಿಯಾಗಿಯೇ ಇದೆ. ಆದರೆ ಅದು ಒಂದು ನಂಬಿಕೆಯ ಮೇಲೆ ನಿಂತಿದೆ: ಕ್ಯಾಬಿನ್‌ನ ಬಾಗಿಲು ಯಾವಾಗಲೂ ತೆರೆದಿರುತ್ತದೆ, ಡೆಕ್ ಎಲ್ಲರದ್ದೂ ಆಗಿರುತ್ತದೆ.

ಬಾಗಿಲು ಮುಚ್ಚಿದ ದಿನ

ಹಡಗು ಜನವರಿ 20ಕ್ಕೆ ಯೊಕೊಹಾಮಾ ಬಿಟ್ಟಿತ್ತು. ಕಾಗೋಶಿಮಾ, ಹಾಂಗ್‌ಕಾಂಗ್, ವಿಯೆಟ್ನಾಂ, ತೈವಾನ್, ಓಕಿನಾವಾ ಸುತ್ತಿ ಫೆಬ್ರವರಿ 3ರ ರಾತ್ರಿ ವಾಪಸ್ ಬಂತು. ಜನವರಿ 25ಕ್ಕೆ ಹಾಂಗ್‌ಕಾಂಗ್‌ನಲ್ಲಿ ಇಳಿದಿದ್ದ 80 ವರ್ಷದ ಪ್ರಯಾಣಿಕರೊಬ್ಬರಿಗೆ ಸೋಂಕು ಇದೆ ಅಂತ ಫೆಬ್ರವರಿ 1ಕ್ಕೆ ಗೊತ್ತಾಗಿತ್ತು. 3ರ ರಾತ್ರಿ ಆರೋಗ್ಯ ಅಧಿಕಾರಿಗಳು ಹಡಗು ಹತ್ತಿದರು. 4ನೇ ತಾರೀಖು ಇಡೀ ದಿನ ಪ್ರಯಾಣಿಕರು ಹಡಗಿನೊಳಗೆ ಓಡಾಡಿಕೊಂಡೇ ಇದ್ದರು. 5ರ ಬೆಳಿಗ್ಗೆ ಮೊದಲ 31 ಫಲಿತಾಂಶ ಬಂತು. 10 ಮಂದಿಗೆ ಸೋಂಕು. ಎಲ್ಲರೂ ಕ್ಯಾಬಿನ್‌ಗೆ ಹೋಗಿ, 14 ದಿನ ಅಲ್ಲೇ ಇರಿ ಎಂದು ಕ್ಯಾಪ್ಟನ್ ಜೆನ್ನಾರೊ ಆರ್ಮಾ ಮೈಕ್‌ನಲ್ಲಿ ಹೇಳಿದರು.

ಹಡಗಿನಲ್ಲಿ ಒಟ್ಟು 3,711 ಜನ. ಪ್ರಯಾಣಿಕರು 2,666, ಸಿಬ್ಬಂದಿ 1,045. ಪ್ರಯಾಣಿಕರ ಸರಾಸರಿ ವಯಸ್ಸು 66ರ ಹತ್ತಿರ.

ಆ ಹೊತ್ತಿಗೆ ಏನಾಯಿತು ನೋಡಿ. ಹಿಂದಿನ ರಾತ್ರಿವರೆಗೆ ಎಲ್ಲರೂ ಒಂದೇ ಥಿಯೇಟರ್‌ನಲ್ಲಿ ಕೂತಿದ್ದರು, ಒಂದೇ ಬಫೆಯಲ್ಲಿ ತಟ್ಟೆ ಹಿಡಿದಿದ್ದರು. ದರ್ಜೆಗಳನ್ನು ಮರೆಸುತ್ತಿದ್ದದ್ದು ಈ ಎಲ್ಲರ ಜಾಗಗಳೇ. ಅವು ಬಂದ್ ಆದ ಕೂಡಲೇ ಉಳಿದದ್ದು ಕ್ಯಾಬಿನ್ ಮಾತ್ರ. ಬಾಲ್ಕನಿ ಇದ್ದವರು ಬಾಗಿಲು ಸರಿಸಿ ಹೊರಗೆ ಕೂರಬಹುದಿತ್ತು. ಗಾಳಿ, ಬಿಸಿಲು, ಪಕ್ಕದ ಬಾಲ್ಕನಿಯವರ ಜೊತೆ ಎರಡು ಮಾತು. ಬಂದರಿನ ಅಂಚಿಗೆ ಬಂದು ನಿಂತ ಆಂಬುಲೆನ್ಸ್‌ಗಳನ್ನು ನೋಡಿ ಇವತ್ತು ಎಷ್ಟು ಜನರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂದು ಅಂದಾಜು ಮಾಡಬಹುದಿತ್ತು. ಅಂದರೆ ಸುದ್ದಿ ಕೂಡ ಬಾಲ್ಕನಿಯಿಂದಲೇ ಸಿಗುತ್ತಿತ್ತು.

ಒಳಗಿನ ಕ್ಯಾಬಿನ್‌ನವರಿಗೆ ಟಿವಿ, ಫೋನು, ಮೈಕ್‌ನ ಪ್ರಕಟಣೆ. ನಾಲ್ಕು ಗೋಡೆ. ಇಬ್ಬರು ಇದ್ದರೆ ಒಬ್ಬರು ನಡೆಯಬೇಕಾದರೆ ಇನ್ನೊಬ್ಬರು ಮಂಚದ ಮೇಲೆ ಕೂರಬೇಕು. ಹಗಲು ಆಯಿತು ಅಂತ ಗೊತ್ತಾಗುತ್ತಿದ್ದದ್ದು ತಿಂಡಿಯ ಟ್ರೇ ಬಂದಾಗ. ಎಂಬತ್ತರ ವಯಸ್ಸಿನವರಿಗೆ ಹಗಲು ರಾತ್ರಿಯ ಅರಿವು ತಪ್ಪಿದರೆ ನಿದ್ದೆ ಕೆಡುತ್ತದೆ, ಮಾತ್ರೆಯ ಹೊತ್ತು ತಪ್ಪುತ್ತದೆ. ಮನೆಯಲ್ಲಿ ಮುದುಕರನ್ನು ನೋಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಒಂದೆರಡು ದಿನದಲ್ಲೇ ಅಧಿಕಾರಿಗಳಿಗೂ ಇದು ಅರ್ಥವಾಯಿತು. ಒಳಗಿನ ಕ್ಯಾಬಿನ್‌ನವರನ್ನು ಗುಂಪು ಗುಂಪಾಗಿ ಸ್ವಲ್ಪ ಹೊತ್ತು ಡೆಕ್‌ಗೆ ಬಿಡುವ ವ್ಯವಸ್ಥೆ ಮಾಡಿದರು. ಮಾಸ್ಕ್ ಹಾಕಬೇಕು, ದೂರ ನಿಲ್ಲಬೇಕು, ಹೊತ್ತು ಮುಗಿದರೆ ಒಳಗೆ. ಮೊದಲ ಸರದಿ ಕಿಟಕಿ ಇಲ್ಲದವರದ್ದು. ಕ್ರೂಸ್ ಹಡಗಿನಲ್ಲಿ ಸರದಿಯ ಲೆಕ್ಕ ಮೊದಲಿನಿಂದಲೂ ಮೇಲಿನಿಂದ ಕೆಳಕ್ಕೆ. ಇಲ್ಲಿ ಅದು ತಿರುಗಿತು. ಯಾರಿಗೆ ಕಡಿಮೆ ಇದೆಯೋ ಅವರಿಗೆ ಮೊದಲು. ಫೆಬ್ರವರಿ 13ರ ತೀರ್ಮಾನ ಇದೇ ದಾರಿಯ ಮುಂದಿನ ಹೆಜ್ಜೆ. ಎಲೀಟ್ ಕಾರ್ಡ್ ಇದ್ದವರನ್ನು ಮೊದಲು ಇಳಿಸಲಿಲ್ಲ. ಸೂಟ್‌ನವರನ್ನೂ ಅಲ್ಲ.

ಈ ಪ್ರಕರಣದಲ್ಲಿ ಆದ ತಪ್ಪುಗಳ ಬಗ್ಗೆ ತುಂಬಾ ಮಾತು ಬಂದಿದೆ. ಕೋಬೆ ವಿಶ್ವವಿದ್ಯಾಲಯದ ಸೋಂಕು ರೋಗ ತಜ್ಞ ಕೆಂಟಾರೊ ಇವಾಟಾ ಫೆಬ್ರವರಿ 18ಕ್ಕೆ ಹಡಗಿನೊಳಗೆ ಹೋಗಿಬಂದು, ಸೋಂಕು ಇರುವ ಜಾಗ ಇಲ್ಲದ ಜಾಗ ಎಂಬ ವ್ಯತ್ಯಾಸವೇ ಅಲ್ಲಿಲ್ಲ ಎಂದು ವಿಡಿಯೊದಲ್ಲಿ ಹೇಳಿದ್ದು ಜಗತ್ತಿಗೆಲ್ಲ ಮುಟ್ಟಿತು. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಗೊಂದಲದ ನಡುವೆಯೇ ಅಧಿಕಾರಿಗಳು ಗಾಳಿ, ಬೆಳಕುಗಳನ್ನು ದುಡ್ಡಿನ ಲೆಕ್ಕದಿಂದ ಬಿಡಿಸಿ ಅಗತ್ಯದ ಲೆಕ್ಕಕ್ಕೆ ತಂದರು. ತಡವಾಗಿ ತಂದರು, ಅರ್ಧಂಬರ್ಧ ತಂದರು, ಆದರೂ ತಂದರು. ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಫೋನಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಪಾನ್ ಸರ್ಕಾರ ಸುಮಾರು 2,000 ಐಫೋನ್‌ಗಳನ್ನು ಹಡಗಿಗೆ ಕಳಿಸಿತು. ಪ್ರತಿ ಕ್ಯಾಬಿನ್‌ಗೂ ಒಂದು ಎನ್ನುವ ಲೆಕ್ಕ. ಅದರಲ್ಲಿ ಲೈನ್ ಎಂಬ ಮೆಸೇಜ್ ಆ್ಯಪ್ ಹಾಕಿ, ಡಾಕ್ಟರ್ ಹತ್ತಿರ ಮಾತಾಡಲು, ಮಾತ್ರೆ ಕೇಳಲು ವ್ಯವಸ್ಥೆ ಮಾಡಿತ್ತು. ಕಂಪನಿ ಪ್ರಯಾಣಿಕರಿಗೆ ಇಂಟರ್ನೆಟ್ ಅನ್ನೂ ಉಚಿತ ಮಾಡಿತು. ಬೇರೆ ದಿನಗಳಲ್ಲಿ ಹಡಗಿನ ಇಂಟರ್ನೆಟ್‌ಗೆ ಪ್ರತ್ಯೇಕ ದುಡ್ಡು ಕೊಡಬೇಕು.

ಬ್ರೋಷರ್‌ನಲ್ಲಿ ಇಲ್ಲದ ದರ್ಜೆ

ಸೂಟ್, ಮಿನಿ ಸೂಟ್, ಬಾಲ್ಕನಿ, ಓಷನ್‌ವ್ಯೂ, ಇಂಟೀರಿಯರ್. ಬ್ರೋಷರ್ ಇಲ್ಲಿಗೆ ಮುಗಿಯುತ್ತದೆ. ಹಡಗು ಮುಗಿಯುವುದಿಲ್ಲ. ಇದರ ಕೆಳಗೆ ಸಿಬ್ಬಂದಿಯ ಡೆಕ್‌ಗಳು, ಅಂದರೆ ಮಹಡಿಗಳು ಇವೆ.

ಪ್ರಯಾಣಿಕರು ಕ್ಯಾಬಿನ್ ಒಳಗೆ ಇದ್ದರು ಅಂದರೆ ಊಟ ಅವರ ಬಾಗಿಲಿಗೆ ಹೋಗಬೇಕು. ದಿನಕ್ಕೆ ಮೂರು ಸಲ. ಒಬ್ಬರು ಅಡುಗೆ ಮಾಡಬೇಕು, ಒಬ್ಬರು ಟ್ರೇ ಜೋಡಿಸಬೇಕು, ಒಬ್ಬರು ಗಾಡಿ ತಳ್ಳಿಕೊಂಡು ಹೋಗಿ ಬಾಗಿಲು ತಟ್ಟಬೇಕು, ಎಂಜಲು ತಟ್ಟೆಗಳನ್ನು ವಾಪಸ್ ತರಬೇಕು. ಇದನ್ನೆಲ್ಲ ಮಾಡಿದ್ದು ಹಡಗಿನ ಸಿಬ್ಬಂದಿ. ಪ್ರಯಾಣಿಕರಿಗೆ ಕ್ವಾರಂಟೈನ್ ಇತ್ತು. ಸಿಬ್ಬಂದಿಗೆ ಡ್ಯೂಟಿ ಇತ್ತು. ಕೆಲಸ ಮುಗಿಸಿ ಅವರು ಹೋಗುತ್ತಿದ್ದದ್ದು ಇಬ್ಬಿಬ್ಬರು ಹಂಚಿಕೊಂಡ ಕ್ಯಾಬಿನ್‌ಗೆ. ಊಟ ಮಾಡುತ್ತಿದ್ದದ್ದು ಮೆಸ್‌ನಲ್ಲಿ, ಎಲ್ಲರೂ ಒಟ್ಟಿಗೆ ಕೂತು. ಸಿಬ್ಬಂದಿಯ ಕೆಲಸ ನಿಂತರೆ ಹಡಗೇ ನಿಲ್ಲುತ್ತದೆ, ಹಾಗಾಗಿ ಅವರನ್ನು ಪೂರ್ತಿಯಾಗಿ ಪ್ರತ್ಯೇಕ ಇಡಲು ಆಗಲಿಲ್ಲ ಎಂದು ಜಪಾನಿನ ರಾಷ್ಟ್ರೀಯ ಸೋಂಕು ರೋಗ ಸಂಸ್ಥೆಯ ವರದಿಯೇ ಹೇಳಿತು.

ಇದರ ಫಲ ಏನಾಯಿತು ಎನ್ನುವುದಕ್ಕೆ ಒಂದು ತನಿಖೆ ಇದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವಾರದ ಪತ್ರಿಕೆಯಲ್ಲಿ ಅದು ಬಂತು. ಫೆಬ್ರವರಿ 9ರವರೆಗೆ ಸಿಬ್ಬಂದಿಯಲ್ಲಿ 20 ಮಂದಿಗೆ ಸೋಂಕು ಖಚಿತವಾಗಿತ್ತು. ಅವರಲ್ಲಿ 15 ಮಂದಿ ಊಟದ ವಿಭಾಗದವರು. 20ರಲ್ಲಿ 16 ಮಂದಿಯ ಕ್ಯಾಬಿನ್ ಇದ್ದದ್ದು 3ನೇ ಡೆಕ್‌ನಲ್ಲಿ, ಅಂದರೆ ಊಟದ ವಿಭಾಗದವರು ವಾಸ ಮಾಡುತ್ತಿದ್ದ ಡೆಕ್‌ನಲ್ಲೇ. ಜೊತೆಗೆ ದುಡಿದವರು, ಜೊತೆಗೆ ಉಂಡವರು, ಅಕ್ಕಪಕ್ಕದಲ್ಲೇ ಮಲಗಿದವರು. ಪ್ರಯಾಣಿಕರ ಬಾಗಿಲು ಮುಚ್ಚಿಯೇ ಇರಲಿ ಎಂದು ಇವರ ಬಾಗಿಲು ತೆರೆದಿತ್ತು.

ಟೆಸ್ಟ್‌ನಲ್ಲೂ ಹೀಗೇ. ವಯಸ್ಸಾದವರಿಂದ ಶುರು ಮಾಡಿ ಕೆಳಗಿನ ವಯಸ್ಸಿನವರಿಗೆ ಬಂದರು. ವಯಸ್ಸಾದವರಿಗೆ ಅಪಾಯ ಜಾಸ್ತಿ, ಆ ಕ್ರಮ ಸರಿಯೇ. ಸಿಬ್ಬಂದಿ ಕೊನೆಗೆ ಬಂದರು. ಆದರೆ ದಿನಕ್ಕೆ ಮೂರು ಸಲ ನೂರಾರು ಬಾಗಿಲು ತಟ್ಟುವ ಕೈ ಯಾರದ್ದು ಎಂಬ ಲೆಕ್ಕದಲ್ಲಿ ನೋಡಿದ್ದರೆ, ಊಟ ಕೊಡುವವರ ಟೆಸ್ಟ್ ಮೊದಲ ದಿನವೇ ಆಗಬೇಕಿತ್ತು. ಅದು ಅವರ ಒಳ್ಳೆಯದಕ್ಕೂ ಹೌದು, ಪ್ರಯಾಣಿಕರ ಒಳ್ಳೆಯದಕ್ಕೂ ಹೌದು.

ಈ ಸಿಬ್ಬಂದಿಯಲ್ಲಿ ಅರ್ಧದಷ್ಟು ಫಿಲಿಪ್ಪೀನ್ಸ್‌ನವರು. ಭಾರತದವರು 132. ಪ್ರಯಾಣಿಕರಲ್ಲಿ ಭಾರತೀಯರು ಆರೇ ಜನ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಈ ಹಡಗಿನ ಮಟ್ಟಿಗೆ ನಮ್ಮ ದೇಶದವರು ಹತ್ತಿದ್ದು ಬಹುಪಾಲು ಕೆಳಗಿನ ಡೆಕ್‌ಗೆ. ಫೆಬ್ರವರಿ ಎರಡನೇ ವಾರದಲ್ಲಿ ಅವರಲ್ಲಿ ಕೆಲವರು ಮಾಸ್ಕ್ ಹಾಕಿಕೊಂಡು ಒಂದು ವಿಡಿಯೊ ಮಾಡಿದರು. ಸೋಂಕು ಇಲ್ಲದವರನ್ನಾದರೂ ಬೇರೆ ಮಾಡಿ, ನಮ್ಮನ್ನು ಕಾಪಾಡಿ ಎಂದು ಭಾರತದ ಪ್ರಧಾನಿಗೆ ಬೇಡಿಕೊಂಡರು. ಕೊನೆಗೆ ಫೆಬ್ರವರಿ 27ಕ್ಕೆ ಏರ್ ಇಂಡಿಯಾ ವಿಮಾನ 119 ಭಾರತೀಯರನ್ನೂ ಬೇರೆ ದೇಶಗಳ ಐದು ಜನರನ್ನೂ ದೆಹಲಿಗೆ ತಂದಿತು. ಅಮೆರಿಕದ ವಿಮಾನಗಳು ತಮ್ಮ 300ಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಹೋಗಿದ್ದು ಫೆಬ್ರವರಿ 17ಕ್ಕೆ. ಪಾಸ್‌ಪೋರ್ಟ್ ಕೂಡ ಒಂದು ದರ್ಜೆಯೇ ಆಗಿಬಿಟ್ಟಿತು. ಆದರೆ ಇಲ್ಲಿ ಪಾಸ್‌ಪೋರ್ಟ್ ಮಾತ್ರ ಕಾರಣ ಅಲ್ಲ. ಪ್ರಯಾಣಿಕರು ಇಳಿಯುವವರೆಗೆ ಸಿಬ್ಬಂದಿ ಹಡಗು ಬಿಡುವಂತಿರಲಿಲ್ಲ. ಪ್ರಯಾಣಿಕರ 14 ದಿನ ಮುಗಿದ ಮೇಲೆಯೇ ಇವರ 14 ದಿನದ ಲೆಕ್ಕ ಶುರುವಾದದ್ದು. ಮಾರ್ಚ್ 1ಕ್ಕೆ ಕ್ಯಾಪ್ಟನ್ ಆರ್ಮಾ ಎಲ್ಲರಿಗಿಂತ ಕೊನೆಯವರಾಗಿ ಇಳಿದರು.

ಸೋಂಕು ಯಾರಿಗೆ ಬಂತು

ಇಲ್ಲಿ ಒಂದು ವಿಷಯವನ್ನು ನೇರವಾಗಿ ಹೇಳಬೇಕು. ಕೆಳಗಿನ ದರ್ಜೆಯವರಿಗೇ ಜಾಸ್ತಿ ಸೋಂಕು ಬಂತು ಎಂದು ಹೇಳಿಬಿಟ್ಟರೆ ಕಥೆ ಸಲೀಸಾಗುತ್ತದೆ. ಆದರೆ ಅಂಕಿಗಳು ಹಾಗೆ ಹೇಳುವುದಿಲ್ಲ. ಒಟ್ಟು 712 ಮಂದಿಗೆ ಸೋಂಕು. ಅದರಲ್ಲಿ ಪ್ರಯಾಣಿಕರು 567, ಸಿಬ್ಬಂದಿ 145. ಅಂದರೆ ಪ್ರಯಾಣಿಕರಲ್ಲಿ ಸುಮಾರು 21%, ಸಿಬ್ಬಂದಿಯಲ್ಲಿ ಸುಮಾರು 14%. ಪ್ರಯಾಣಿಕರ ಎಲ್ಲ ಡೆಕ್‌ಗಳಲ್ಲೂ ಸೋಂಕು ಕಾಣಿಸಿಕೊಂಡಿತ್ತು. ಬಾಗಿಲು ಮುಚ್ಚುವ ಮುಂಚೆ ಎಲ್ಲ ದರ್ಜೆಯವರೂ ಒಂದೇ ಹಾಲ್‌ಗಳಲ್ಲಿ ಇದ್ದರಲ್ಲ, ವೈರಸ್ ಅಷ್ಟು ಹೊತ್ತಿಗೆ ತುಂಬಾ ಕಡೆ ಹೋಗಿಯಾಗಿತ್ತು.

ಹಾಗಾದರೆ ದರ್ಜೆ ಎಲ್ಲಿ ಕೆಲಸ ಮಾಡಿತು? ಸೋಂಕು ತಗಲುವ ಮೊದಲ ಹಂತದಲ್ಲಿ ಅಲ್ಲ. ಆಮೇಲಿನ ದಿನಗಳನ್ನು ಹೇಗೆ ಕಳೆದರು ಎನ್ನುವುದರಲ್ಲಿ. ಗಾಳಿ ಯಾರಿಗೆ, ಬೆಳಕು ಯಾರಿಗೆ, ಸುದ್ದಿ ಯಾರಿಗೆ ಮೊದಲು, ಬೇರೆಯವರಿಂದ ದೂರ ಇರುವ ಅವಕಾಶ ಯಾರಿಗೆ, ಇಳಿಯುವ ದಿನ ಯಾರಿಗೆ ಗೊತ್ತು. ಕೆಳಗಿನವರು ಇದರಲ್ಲೆಲ್ಲ ಸೋತರು. ಸಿಬ್ಬಂದಿಯ ವಯಸ್ಸು ಸರಾಸರಿ 36ರ ಹತ್ತಿರ. ಎಳೆಯ ವಯಸ್ಸು ಅವರಿಗೆ ಒತ್ತಾಸೆಯಾಯಿತು. ಅದು ಅವರಿಗೆ ಯಾರೂ ಕೊಟ್ಟ ರಕ್ಷಣೆ ಅಲ್ಲ.

ಹಳೆಯ ಕಾಲದ ಲೈನರ್ ಹಡಗುಗಳ ಜೊತೆ ಇದನ್ನು ಹೋಲಿಸುವವರು ಇದ್ದಾರೆ. ಟೈಟಾನಿಕ್‌ನಲ್ಲಿ ಮೊದಲ ದರ್ಜೆಯ ಹತ್ತರಲ್ಲಿ ಆರು ಜನ ಬದುಕಿದರು, ಮೂರನೇ ದರ್ಜೆಯ ನಾಲ್ವರಲ್ಲಿ ಒಬ್ಬರು. ಅಂಥ ವ್ಯತ್ಯಾಸ ಯೊಕೊಹಾಮಾದಲ್ಲಿ ಇರಲಿಲ್ಲ. ಇಲ್ಲಿಯದು ಸಾವು ಬದುಕಿನ ನಡುವಿನ ಗೋಡೆಗಿಂತ ದಿನ ದಿನದ ಬಾಳಿನ ಗೋಡೆ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದರೆ ಇಲ್ಲಿ ನಿಜವಾಗಿ ಆದದ್ದು ಮರೆಯಾಗುತ್ತದೆ.

ಹಣ ವಾಪಸ್

ಕಂಪನಿ ಈ ವಿಷಯದಲ್ಲಿ ಕೈ ಬಿಗಿ ಹಿಡಿಯಲಿಲ್ಲ. ಟಿಕೆಟ್ ಹಣ ಪೂರ್ತಿ ವಾಪಸ್. ಕ್ವಾರಂಟೈನ್ ದಿನಗಳ ಖರ್ಚಿಲ್ಲ. ಜೊತೆಗೆ, ಕೊಟ್ಟ ಟಿಕೆಟ್‌ನಷ್ಟೇ ಮೊತ್ತದ ಕ್ರೆಡಿಟ್, ಮುಂದಿನ ಪ್ರಯಾಣಕ್ಕೆ. ನೋಡಿದ ಕೂಡಲೇ ಉದಾರ ಅನ್ನಿಸುತ್ತದೆ, ಉದಾರವೂ ಹೌದು.

ಆದರೆ ಲೆಕ್ಕ ಒಂದು ಸಲ ಬಿಡಿಸಿ ನೋಡಿ. ಕ್ರೆಡಿಟ್ ಟಿಕೆಟ್‌ಗೆ ತಕ್ಕಂತೆ ಇತ್ತು. ಸೂಟ್‌ಗೆ ಜಾಸ್ತಿ ಕೊಟ್ಟವರಿಗೆ ಜಾಸ್ತಿ ಕ್ರೆಡಿಟ್, ಒಳಗಿನ ಕ್ಯಾಬಿನ್‌ಗೆ ಕಡಿಮೆ ಕೊಟ್ಟವರಿಗೆ ಕಡಿಮೆ. ಟಿಕೆಟ್ ವಾಪಸ್ ಕೊಡುವಾಗ ಈ ಲೆಕ್ಕ ಸರಿ. ಕೊಟ್ಟದ್ದು ಕೊಟ್ಟವರಿಗೇ ಹೋಗಬೇಕು. ಆದರೆ ಅದರ ಮೇಲಿನದು ಪಟ್ಟ ಕಷ್ಟಕ್ಕೆ ಕೊಡುವ ಪರಿಹಾರ, ಅಲ್ವಾ? ಕಷ್ಟ ಜಾಸ್ತಿ ಪಟ್ಟದ್ದು ಕತ್ತಲ ಕ್ಯಾಬಿನ್‌ನವರು. ಅವರಿಗೇ ಎಲ್ಲರಿಗಿಂತ ಕಡಿಮೆ ಸಿಕ್ಕಿತು. ಇದರ ಹಿಂದೆ ಯಾರ ದುರುದ್ದೇಶವೂ ಇಲ್ಲ. ಕಂಪ್ಯೂಟರ್‌ನಲ್ಲಿ ಇರುವ ಟಿಕೆಟ್ ದರವನ್ನು ಹಾಗೇ ಬಳಸಿಕೊಂಡರು. ತಲೆಗೆ ಇಷ್ಟು ಅಂತ ಎಲ್ಲರಿಗೂ ಒಂದೇ ಮೊತ್ತ ಕೊಟ್ಟಿದ್ದರೂ ಇದಕ್ಕಿಂತ ನ್ಯಾಯವಾಗಿರುತ್ತಿತ್ತು. ಇಂಥ ಸಂದರ್ಭದಲ್ಲಿ ಪರಿಹಾರ ಕೇಳುವವರು, ವಕೀಲರು, ಗ್ರಾಹಕ ಸಂಘಗಳವರು ಈ ವ್ಯತ್ಯಾಸವನ್ನು ಕಣ್ಣಲ್ಲಿ ಇಟ್ಟುಕೊಳ್ಳಬೇಕು.

ಯಾವುದಕ್ಕೆ ಬೆಲೆ ಕಟ್ಟಬಹುದು

ಈ ಹಡಗಿನ ಅನುಭವ ಮುಂದಿಟ್ಟುಕೊಂಡು ನೋಡಿದರೆ, ಮೇಲಿನ ದರ್ಜೆಯಲ್ಲಿ ಎರಡು ಬಗೆಯ ವಸ್ತುಗಳು ಕಲಸಿಹೋಗಿವೆ. ಒಂದು, ಇದ್ದರೆ ಚೆನ್ನ, ಇಲ್ಲದಿದ್ದರೆ ನಷ್ಟವಿಲ್ಲ ಎನ್ನುವಂಥದ್ದು. ದೊಡ್ಡ ಸೋಫಾ, ಬಟ್ಲರ್, ಒಳ್ಳೆಯ ವೈನ್, ಬೇರೆ ಊಟದ ಹಾಲ್. ಇವುಗಳಿಗೆ ಎಷ್ಟು ಬೇಕಾದರೂ ಬೆಲೆ ಕಟ್ಟಲಿ. ಕೊಳ್ಳುವವರು ಕೊಳ್ಳಲಿ. ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ.

ಇನ್ನೊಂದು ಬಗೆಯದು ಬೇರೆ. ಹೊರಗಿನ ಗಾಳಿ, ಹಗಲಿನ ಬೆಳಕು, ಒಂದಿಷ್ಟು ದೂರ, ಸ್ವಂತದ ಬಾತ್‌ರೂಮ್, ಮನೆಯವರ ಜೊತೆ ಮಾತಾಡುವ ದಾರಿ, ಇಳಿಯುವ ಸರದಿ. ಇವು ದಿನವೂ ಬೇಕು ಅನ್ನಿಸುವುದಿಲ್ಲ. ಬೇಕಾದ ದಿನ ಇಲ್ಲದೆ ಆಗುವುದಿಲ್ಲ. ಹಡಗಿನ ಬೆಲೆಪಟ್ಟಿ ಇವೆರಡನ್ನೂ ಒಂದೇ ಸಾಲಿನಲ್ಲಿ ಇಡುತ್ತದೆ. ಬಾಲ್ಕನಿಯನ್ನು 'ನೋಟ' ಅಂತ ಮಾರುತ್ತದೆ. ಆದರೆ ನೋಟ ಬೇರೆ, ಗಾಳಿ ಬೇರೆ. 2011ರಲ್ಲಿ ಬಂದ ಡಿಸ್ನಿ ಡ್ರೀಮ್ ಹಡಗಿನಲ್ಲಿ ಒಳಗಿನ ಕ್ಯಾಬಿನ್‌ಗಳ ಗೋಡೆಗೆ ದುಂಡನೆಯ ಸ್ಕ್ರೀನ್ ಹಾಕಿದರು. ಹೊರಗಿನ ಕ್ಯಾಮೆರಾದಿಂದ ಸಮುದ್ರದ ಚಿತ್ರ ಅದೇ ಹೊತ್ತಿಗೆ ಅದರಲ್ಲಿ ಕಾಣುತ್ತದೆ. ಒಳ್ಳೆಯ ಯೋಚನೆ. ಹಗಲು ರಾತ್ರಿಯ ಅರಿವನ್ನು ಅದು ಉಳಿಸುತ್ತದೆ, ಅದು ಸಣ್ಣ ಲಾಭ ಅಲ್ಲ. ಆದರೆ ಸ್ಕ್ರೀನ್‌ನಿಂದ ಗಾಳಿ ಬರುವುದಿಲ್ಲ.

ಎಲ್ಲ ಕ್ಯಾಬಿನ್‌ಗೂ ಬಾಲ್ಕನಿ ಕಟ್ಟಿ ಅಂತ ಕೇಳಿದರೆ ಬಡವರ ಟಿಕೆಟ್ಟೇ ಹೋಗಿಬಿಡುತ್ತದೆ. ಕೇಳಬೇಕಾದದ್ದು ಅದಲ್ಲ. ತುರ್ತಿನ ದಿನ ಏನು ಮಾಡುತ್ತೀರಿ ಎನ್ನುವುದು ಮೊದಲೇ ಬರೆದಿರಬೇಕು. ಬಾಗಿಲು ಮುಚ್ಚಿದ ದಿನದಿಂದಲೇ ಕಿಟಕಿ ಇಲ್ಲದವರಿಗೆ ಡೆಕ್‌ನ ಸರದಿ. ಖಾಲಿ ಇರುವ ಮೇಲಿನ ಕ್ಯಾಬಿನ್‌ಗಳಿಗೆ ವಯಸ್ಸಾದವರು, ಕಾಯಿಲೆಯವರು ಮೊದಲು. ಸಿಬ್ಬಂದಿಗೆ ಒಬ್ಬೊಬ್ಬರಿಗೆ ಒಂದು ರೂಮ್. ಯೊಕೊಹಾಮಾದಲ್ಲಿ ಇದರಲ್ಲಿ ಅರ್ಧವನ್ನು ದಿನ ಕಳೆದಂತೆ ಕಂಡುಕೊಂಡರು. ಇನ್ನರ್ಧ ಆಗಲೇ ಇಲ್ಲ.

ಆಮೇಲೆ

2020ರ ಮಾರ್ಚ್ 14ಕ್ಕೆ ಅಮೆರಿಕದ ಸಿಡಿಸಿ ಕ್ರೂಸ್ ಹಡಗುಗಳ ಓಡಾಟ ನಿಲ್ಲಿಸುವ ಆದೇಶ ಹೊರಡಿಸಿತು. ಪ್ರಯಾಣಿಕರು ಮನೆಗೆ ಹೋದರು. ಎಷ್ಟೋ ಹಡಗುಗಳ ಸಿಬ್ಬಂದಿ ತಿಂಗಳುಗಟ್ಟಲೆ ಸಮುದ್ರದಲ್ಲೇ ಉಳಿದರು. ಆಗ ಸಿಡಿಸಿ ಕೊಟ್ಟ ಸೂಚನೆಗಳಲ್ಲಿ ಒಂದು ಹೀಗಿತ್ತು: ಸಿಬ್ಬಂದಿಯನ್ನು ಒಬ್ಬೊಬ್ಬರೇ ಇರುವ, ಸ್ವಂತ ಬಾತ್‌ರೂಮ್ ಇರುವ ಕ್ಯಾಬಿನ್‌ಗೆ ಸೇರಿಸಿ. ಕೆಳಗಿನ ಡೆಕ್‌ನಲ್ಲಿ ಅಷ್ಟು ರೂಮ್‌ಗಳು ಎಲ್ಲಿವೆ? ಮೇಲೆ ಪ್ರಯಾಣಿಕರ ಕ್ಯಾಬಿನ್‌ಗಳು ಖಾಲಿ ಬಿದ್ದಿದ್ದವು. ಕಂಪನಿಗಳು ಅವನ್ನೇ ಸಿಬ್ಬಂದಿಗೆ ಬಿಟ್ಟುಕೊಟ್ಟವು. ಬಾಲ್ಕನಿ ಇದ್ದ ಕ್ಯಾಬಿನ್‌ಗಳೂ ಎಷ್ಟೋ ಮಂದಿಗೆ ಸಿಕ್ಕಿದವು. ಯೊಕೊಹಾಮಾದಲ್ಲಿ ಆಗದ ಕೆಲಸ ಆಯಿತು. ಪ್ರಯಾಣಿಕರು ಇರಲಿಲ್ಲ, ಹಾಗಾಗಿ ಆಯಿತು.

ಪ್ರಯಾಣಿಕರು ಇದ್ದಾಗಲೂ ಆಗಬೇಕೆಂದರೆ ಕಾನೂನು ಬದಲಾಗಬೇಕು. ಹಡಗಿನ ಕೆಲಸಗಾರರಿಗೆ ಇರುವ ಅಂತರರಾಷ್ಟ್ರೀಯ ಒಪ್ಪಂದ 2006ರದ್ದು, ಜಾರಿಗೆ ಬಂದದ್ದು 2013ರ ಆಗಸ್ಟ್‌ನಲ್ಲಿ. ಸರಕು ಹಡಗಿನಲ್ಲಿ ದುಡಿಯುವವರಿಗೆ ಒಬ್ಬರಿಗೆ ಒಂದು ಮಲಗುವ ಕೋಣೆ ಕೊಡಬೇಕು ಎನ್ನುತ್ತದೆ ಅದು. ಪ್ರಯಾಣಿಕರ ಹಡಗಿಗೆ ಆ ನಿಯಮದಿಂದ ವಿನಾಯಿತಿ ಇದೆ. ಬೆಳಕು, ಗಾಳಿಯ ವ್ಯವಸ್ಥೆ ಸರಿಯಿದ್ದರೆ ಸಿಬ್ಬಂದಿಯ ಕೋಣೆಯನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಡಲೂ ಅಲ್ಲಿ ಅನುಮತಿ ಕೊಡಬಹುದು. ಸರಕು ಹಡಗಿನಲ್ಲಿ ಕಂಟೇನರ್ ಸಾಗಿಸುವ ನಾವಿಕನಿಗೆ ಇರುವ ಹಕ್ಕು, ಕ್ರೂಸ್ ಹಡಗಿನಲ್ಲಿ ಟ್ರೇ ಸಾಗಿಸುವವನಿಗೆ ಇಲ್ಲ. ಕಾರಣ ಸುಲಭ: ಕ್ರೂಸ್ ಹಡಗಿನಲ್ಲಿ ಸಿಬ್ಬಂದಿ ಸಾವಿರದ ಲೆಕ್ಕದಲ್ಲಿ ಇರುತ್ತಾರೆ, ಅವರಿಗೆ ಕೊಟ್ಟ ಪ್ರತಿ ಅಡಿಯೂ ಟಿಕೆಟ್ ಮಾರಬಹುದಾಗಿದ್ದ ಅಡಿ.

ಈ ಒಪ್ಪಂದಕ್ಕೆ 2022ರಲ್ಲಿ ತಿದ್ದುಪಡಿ ಆಯಿತು, 2024ರ ಡಿಸೆಂಬರ್ 23ಕ್ಕೆ ಜಾರಿಗೆ ಬಂತು. ಸಿಬ್ಬಂದಿಗೆ ಮನೆಯವರ ಜೊತೆ ಮಾತಾಡಲು ಇಂಟರ್ನೆಟ್ ಕೊಡುವ ವಿಷಯ ಅದರಲ್ಲಿ ಸೇರಿತು. 3ನೇ ಡೆಕ್‌ನಿಂದ ಮನೆಗೆ ಮಾತಾಡಲು ಒದ್ದಾಡುವವರಿಗೆ ಇದು ಸಣ್ಣ ವಿಷಯವಲ್ಲ. ಒಬ್ಬರಿಗೆ ಒಂದು ಕೋಣೆ ಎಂಬ ನಿಯಮದಿಂದ ಪ್ರಯಾಣಿಕರ ಹಡಗಿಗೆ ಇರುವ ವಿನಾಯಿತಿಯನ್ನು ಮಾತ್ರ ಆ ತಿದ್ದುಪಡಿ ಮುಟ್ಟಲಿಲ್ಲ. ಮುಂದಿನ ಸಲ ಒಪ್ಪಂದ ಚರ್ಚೆಗೆ ಬಂದಾಗ, ಹಡಗಿಗೆ ಇಷ್ಟೊಂದು ಜನರನ್ನು ಕಳಿಸುವ ಭಾರತ ಮತ್ತು ಫಿಲಿಪ್ಪೀನ್ಸ್ ಸರ್ಕಾರಗಳು ಮೇಜಿನ ಮೇಲೆ ಇಡಬೇಕಾದ ಮೊದಲ ವಿಷಯ ಅದೇ. ಒಪ್ಪಂದದ ಎಲ್ಲ ಸಾಲುಗಳನ್ನೂ ಈಗಲೇ ಬದಲಿಸಲು ಆಗದಿದ್ದರೆ, ಸೋಂಕಿನ ದಿನಗಳಿಗಾದರೂ ಆ ವಿನಾಯಿತಿ ಇಲ್ಲ ಎಂದು ಬರೆಸಲಿ.